ನಳದೊಳಗೆ ಕೂತ ಗಾಳಿ

ಮಾಳಿಗೆಯ ಮೇಲಿನ ಸೋಲಾರ್ ಟ್ಯಾಂಕಿನಲ್ಲಿ ಕೈ ಸುಡುವಷ್ಟು ಬಿಸಿನೀರಿದ್ದೂ ಕೆಳಗೆ ಬಚ್ಚಲ ನಳದಲ್ಲಿ ಬರೀ ಬುಸ್ಸೆನ್ನುವ ಸದ್ದು ಬಂದರೆ, ಬಹುಮಟ್ಟಿಗೆ ಪೈಪಿನಲ್ಲಿ ಗಾಳಿ ಕೂತಿದೆ ಎಂದೇ ಅರ್ಥ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಇದಕ್ಕೆ ‘ಏರ್ ಹಿಡದೈತಿ’ ಎನ್ನುವುದು ಒಂದೇ ಮಾತು. ನಳಕ್ಕೂ ಅದೇ, ಹೊಲದ ಪಂಪಿಗೂ ಅದೇ, ಡೀಸೆಲ್ ಮುಗಿದು ದಾರಿಯಲ್ಲಿ ನಿಂತ ಟ್ರ್ಯಾಕ್ಟರಿಗೂ ಅದೇ. ಚಳಿಯ ದೇಶಗಳಲ್ಲಿ ನೆಲದಡಿ ಬಿಸಿನೀರಿನ ಪೈಪು ಹಾಯಿಸಿ ಮನೆ ಬೆಚ್ಚಗಿಡುತ್ತಾರೆ. ಅಲ್ಲಿಯೂ ಪೈಪಿಗೆ ಗಾಳಿ ಹೊಕ್ಕರೆ ಒಂದು ಕೋಣೆ ಬೆಚ್ಚಗೆ, ಪಕ್ಕದ್ದು ತಣ್ಣಗೆ. ಧಾರವಾಡದ ಚಳಿಗೆ ಅಂಥ ನೆಲ ಬೇಕಿಲ್ಲ, ಆದರೆ ರೋಗ ಅದೇ.

ಗಾಳಿ ಒಳಗೆ ಬರುವ ದಾರಿ ಹಲವು. ನವಲಗುಂದ, ಅಣ್ಣಿಗೇರಿ ಭಾಗದಲ್ಲಿ ಬೋರಿನ ನೀರು ಬಹಳ ಕಡೆ ಸವಳು. ಹಾಗಾಗಿ ಅನೇಕ ಊರುಗಳು ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರನ್ನು ನೆಚ್ಚಿಕೊಂಡಿವೆ, ನಳಕ್ಕೆ ನೀರು ಸರದಿಯ ಮೇಲೆ ಬರುತ್ತದೆ. ನೀರು ನಿಂತ ದಿನಗಳಲ್ಲಿ ಟ್ಯಾಂಕು ತಳ ಕಂಡಿತೆಂದರೆ ಪೈಪಿನಲ್ಲಿದ್ದ ನೀರೂ ಇಳಿದು, ಆ ಜಾಗವನ್ನು ಗಾಳಿ ಹಿಡಿಯುತ್ತದೆ. ಇನ್ನೊಂದು ದಾರಿ ಕಣ್ಣಿಗೆ ಬೀಳುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚುಕಡಿಮೆ 19 ಮಿಲಿಲೀಟರ್ ಗಾಳಿ ಕರಗಿರುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಒಂದಷ್ಟು ಗುಳ್ಳೆಯಾಗಿ ಹೊರಬೀಳುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಕುದಿಯುವ ಮೊದಲೇ ಅಂಚಿಗೆ ಅಂಟುವ ಸಣ್ಣ ಗುಳ್ಳೆಗಳು ಇವೇ. ತಣ್ಣೀರಿನ ನಳಕ್ಕಿಂತ ಬಿಸಿನೀರಿನದು ಹೆಚ್ಚು ಸತಾಯಿಸುವುದಕ್ಕೆ ಇದೂ ಒಂದು ಕಾರಣ.

ಬಂದ ಗಾಳಿ ಹೋಗದೆ ಉಳಿಯುವುದಕ್ಕೆ ಮಾತ್ರ ಹೊಣೆ ಪೈಪು ಹಾಯ್ದ ರೀತಿ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಟ್ಯಾಂಕಿನಿಂದ ಹೊರಟ ಪೈಪು ಕುಂಬಿ ಗೋಡೆ ಏರಿ ಇಳಿದರೆ ಆ ಗೂನು ಗಾಳಿಗೆ ಮನೆಯಾಗುತ್ತದೆ. ಇಳಿಯುವ ಭಾಗದಲ್ಲಿ ಗಾಳಿ ತುಂಬಿದ್ದರೆ ಅಷ್ಟು ಎತ್ತರದ ನೀರಿನ ಒತ್ತಡ ಲೆಕ್ಕಕ್ಕೇ ಇಲ್ಲ. ಟ್ಯಾಂಕಿನ ನೀರಿನ ಮಟ್ಟ ನಳಕ್ಕಿಂತ 8 ಅಡಿ ಮೇಲಿದೆ ಎನ್ನೋಣ. ದಾರಿಯಲ್ಲಿ ಎರಡು ಗೂನು, ಒಂದೊಂದರ ಇಳಿಜಾರಿನಲ್ಲಿ 4 ಅಡಿ ಗಾಳಿ. ನಾಲ್ಕೂ ನಾಲ್ಕೂ ಎಂಟು. ನೀರನ್ನು ದೂಡುವ ಬಲ ಸೊನ್ನೆ. ಪೈಪಿಗೆ ಸುತ್ತಿಗೆಯಿಂದ ಬಡಿದರೆ, ನಳಕ್ಕೆ ಬಾಯಿಟ್ಟು ಊದಿದರೆ ಈ ಲೆಕ್ಕ ಬದಲಾಗುವುದು ಅಪರೂಪ.

ಬದಲಾಗುವುದು ಕೆಳಗಿನಿಂದ ನೀರು ದೂಡಿದಾಗ. ಮೇಲಿನ ತಣ್ಣೀರಿನ ಟ್ಯಾಂಕು ತುಂಬಿರುವಾಗ ಬಚ್ಚಲ ಮಿಕ್ಸರಿನ ಬಾಯಿಯನ್ನು ಕೈಯಿಂದ ಬಿಗಿಯಾಗಿ ಮುಚ್ಚಿ ಎರಡೂ ನಳ ತೆರೆದರೆ, ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಏರಿ ಗಾಳಿಯನ್ನು ಸೋಲಾರ್ ಟ್ಯಾಂಕಿನ ಕಡೆಗೆ ತಳ್ಳುತ್ತದೆ. ಮಿಕ್ಸರ್ ಇಲ್ಲದ ಮನೆಯಲ್ಲಿ ಎರಡು ನಳಗಳ ನಡುವೆ ರಬ್ಬರ್ ಪೈಪಿನ ತುಂಡು ಬಿಗಿದರೂ ಆದೀತು. ಬಿಸಿನೀರಿನ ದಾರಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇದ್ದರೆ ಈ ಉಪಾಯ ನಡೆಯದು. ಕಾಯಂ ಪರಿಹಾರ ಬೇಕೆಂದರೆ ಪೈಪು ಎಲ್ಲೂ ಏರದೆ ಇಳಿಯುತ್ತಲೇ ಬರಬೇಕು. ಗೂನು ತಪ್ಪಿಸಲಾಗದಿದ್ದರೆ ಅದರ ನೆತ್ತಿಗೊಂದು ಟೀ ಕೂಡಿಸಿ, ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಬಾಯಿ ತೆರೆದ ಸಣ್ಣ ಪೈಪು ನಿಲ್ಲಿಸಬೇಕು. ನೂರಿನ್ನೂರು ರೂಪಾಯಿಯ ಈ ತುಂಡನ್ನು ಕಟ್ಟುವಾಗಲೇ ಬಿಟ್ಟುಬಿಡುವುದು ಶುದ್ಧ ಉದಾಸೀನ. ಇನ್ನೊಂದು ಎಚ್ಚರಿಕೆ: ಗಾಜಿನ ನಳಿಕೆಯ ಸೋಲಾರ್ ಖಾಲಿಯಾಗಿ ಬಿಸಿಲಿಗೆ ಕಾದಿದ್ದರೆ ಮಧ್ಯಾಹ್ನ ತಣ್ಣೀರು ಬಿಡಬಾರದು, ಗಾಜು ಸಿಡಿಯುತ್ತದೆ. ಹೊತ್ತು ಮೂಡುವ ಮೊದಲೇ ತುಂಬಿಸಬೇಕು.

ಹೊಲದಲ್ಲಿ ಕಥೆ ತುಸು ಬೇರೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಎರಿಭೂಮಿಯಲ್ಲಿ ಕೃಷಿಹೊಂಡಗಳು ಹೆಚ್ಚಿದವು; ದಂಡೆಯ ಮೇಲೆ ಪಂಪಿಟ್ಟು ನೀರೆತ್ತುವುದು ರೂಢಿಯಾಯಿತು. ನೀರನ್ನು ಪಂಪು ಎಳೆಯುತ್ತದೆ ಎನ್ನುವುದು ಮಾತಿಗಷ್ಟೇ. ಅದು ಒಳಗಿನ ಒತ್ತಡ ತಗ್ಗಿಸುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾತಾವರಣ. ಸಮುದ್ರಮಟ್ಟದಲ್ಲಿ ಆ ಬಲ 10.3 ಮೀಟರ್ ನೀರಿಗೆ ಸಮ, 600 ಮೀಟರ್ ಎತ್ತರದ ಊರಲ್ಲಿ ಸುಮಾರು 9.6. ಪೈಪಿನ ಉಜ್ಜಾಟ ಮುಂತಾದ ನಷ್ಟ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ನೀರಿಗಿಂತ ಗಾಳಿ ಸುಮಾರು 800 ಪಟ್ಟು ಹಗುರ, ಪಂಪಿನ ಚಕ್ರ ಅದನ್ನು ಎಷ್ಟು ಬೀಸಿದರೂ ಸಾಕಷ್ಟು ಒತ್ತಡ ಹುಟ್ಟದು. ಆದ್ದರಿಂದಲೇ ಶುರು ಮಾಡುವ ಮೊದಲು ಕೊಡದಿಂದ ನೀರು ಹೊಯ್ದು ಪಂಪು ತುಂಬಿಸುವುದು. ಹೊಯ್ದ ನೀರು ನಿಲ್ಲದಿದ್ದರೆ ಪೈಪಿನ ಕೆಳತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ. ನಿಂತೂ ನೀರು ಏರದಿದ್ದರೆ ಎಳೆಯುವ ಕಡೆಯ ಜೋಡಣೆ ಎಲ್ಲೋ ಸಡಿಲಾಗಿದೆ. ಆ ಸಂದಿಯಿಂದ ಹನಿ ನೀರೂ ಹೊರಬರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಪತ್ತೆ ಕಷ್ಟವಾಗುವುದು ಇದರಿಂದಲೇ.

ಕಲಘಟಗಿಯ ಏರುತಗ್ಗಿನ ಹೊಲಗಳಲ್ಲಿ ಉದ್ದಕ್ಕೆ ಹಾಸಿದ ಪೈಪಿಗೆ ದಿಬ್ಬದ ನೆತ್ತಿಯಲ್ಲಿ ಏರ್‌ವಾಲ್ವ್ ಬೇಕೇ ಬೇಕು. ಹನಿ ನೀರಾವರಿಯಲ್ಲಿ ಅದಕ್ಕೆ ಎರಡನೆಯ ಕೆಲಸವೂ ಇದೆ: ಪಂಪು ನಿಂತಾಗ ಗಾಳಿಯನ್ನು ಒಳಗೆ ಬಿಡುವುದು. ಅದಿಲ್ಲದಿದ್ದರೆ ಇಳಿಯುವ ನೀರಿನ ಸೆಳೆತಕ್ಕೆ ಡ್ರಿಪ್ಪಿನ ಸಣ್ಣ ರಂಧ್ರಗಳು ಕೆಸರನ್ನೇ ಹೀರಿ ಕಟ್ಟಿಕೊಳ್ಳುತ್ತವೆ. ಪಂಪು ಶುರುವಾಗಿ ಒಂದೆರಡು ನಿಮಿಷದಲ್ಲಿ ಪೈಪಿನ ಬಾಯಲ್ಲಿ ನೀರು ಕಾಣದಿದ್ದರೆ ನಿಲ್ಲಿಸಿ ಮತ್ತೆ ತುಂಬಿಸಬೇಕು. ನೀರಿಲ್ಲದೆ ತಿರುಗಿದ ಪಂಪಿನ ಸೀಲು ಬೇಗ ಸುಟ್ಟುಹೋಗುತ್ತದೆ.