ಗ್ರಾಫೈಟಿಗೆ ಉಸಿರು ಬಿಡುವ ಕೆಂಪು ಕಾಳು

ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ಯೀಸ್ಟ್ ಕಾರ್ಖಾನೆಯೊಂದರ ಕೊಳಚೆ ತೊಟ್ಟಿಯಲ್ಲಿ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಒಳಗೆ ಹೋದ ಅಮೋನಿಯಂ ಹೊರಗೆ ಬರುವಷ್ಟರಲ್ಲಿ ಕಾಣೆ. ಗಾಳಿ ಊದಿ ಆಕ್ಸಿಜನ್ ಕೊಟ್ಟಿದ್ದರೆ ಬೇರೆ ಮಾತು. ಆ ತೊಟ್ಟಿಗೆ ಗಾಳಿಯೇ ಇರಲಿಲ್ಲ. ಗಾಳಿಯಿಲ್ಲದೆಯೂ ಅಮೋನಿಯಂ ತಿನ್ನುವ ಜೀವಿ ಇದ್ದೇ ಇರಬೇಕೆಂದು ಆಸ್ಟ್ರಿಯಾದ ವಿಜ್ಞಾನಿ ಎಂಗೆಲ್‌ಬರ್ಟ್ ಬ್ರೋಡಾ 1977ರಲ್ಲೇ ಬರೆದಿದ್ದರು. 1995ರಲ್ಲಿ ಡೆಲ್ಫ್ಟ್‌ನ ವರದಿ ಬಂತು. ಈ ಕ್ರಿಯೆಯ ಹೆಸರು ಅನಾಮಾಕ್ಸ್, ಅದನ್ನು ನಡೆಸುವ ಬ್ಯಾಕ್ಟೀರಿಯಾಕ್ಕೂ ರೂಢಿಯಲ್ಲಿ ಅದೇ ಹೆಸರು.

ಚರಂಡಿ ನೀರಿನ ಅಮೋನಿಯಂನಲ್ಲಿರುವ ಸಾರಜನಕವನ್ನು ಹಾಗೇ ಬಿಟ್ಟರೆ ಅದು ಕೆರೆಗೆ ಗೊಬ್ಬರ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಹಬ್ಬಿದ್ದ ಅಂತರಗಂಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶುದ್ಧೀಕರಣ ಘಟಕಗಳ ಹಳೆಯ ದಾರಿ ಎರಡು ಹಂತದ್ದು: ಗಾಳಿ ಊದಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವುದು, ಆಮೇಲೆ ಬೇರೆ ಬ್ಯಾಕ್ಟೀರಿಯಾ ಬಿಟ್ಟು ಅದನ್ನು ಸಾರಜನಕ ಅನಿಲವಾಗಿಸುವುದು. ಮೊದಲನೆಯದಕ್ಕೆ ಕರೆಂಟು ಸುರಿಯಬೇಕು. ಎರಡನೆಯದಕ್ಕೆ ಎಷ್ಟೋ ಕಡೆ ಮೆಥನಾಲ್ ಕೊಂಡು ತಂದು ಉಣಿಸಬೇಕು.

ಅನಾಮಾಕ್ಸ್‌ಗೆ ಮೆಥನಾಲ್ ಬೇಡ. ಆದರೆ ಅಮೋನಿಯಂನಿಂದ ಕಿತ್ತ ಎಲೆಕ್ಟ್ರಾನ್‌ಗಳನ್ನು ಒಪ್ಪಿಸಲು ನೈಟ್ರೈಟ್ ಬೇಕು, ಅದನ್ನು ತಯಾರಿಸಲು ಒಂದಿಷ್ಟು ಗಾಳಿ ಬೇಕೇ ಬೇಕು. ಜತೆಗೆ ಇದು ಮಹಾ ಸೋಮಾರಿ, ಇಮ್ಮಡಿಯಾಗಲು ಸುಮಾರು 11 ದಿನ. 2002ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಶುರುವಾದ ಮೊದಲ ದೊಡ್ಡ ತೊಟ್ಟಿ ಪೂರ್ತಿ ಪಳಗಲು ಮೂರೂವರೆ ವರ್ಷ ಹಿಡಿಯಿತು! ಪಳಗಿದ ಮೇಲೆ ಮಾತ್ರ ನೋಡಲು ಚೆಂದ. ಕೆಸರೆಲ್ಲ ಸಾಸಿವೆ, ಮೆಣಸಿನ ಗಾತ್ರದ ಕೆಂಪು ಕಾಳು. ಆ ಕೆಂಪು ಬರುವುದು ಕಬ್ಬಿಣ ಹೊತ್ತ ಸೈಟೋಕ್ರೋಮ್ ಪ್ರೋಟೀನುಗಳಿಂದ. ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುವ ಹಮಾಲಿಗಳೂ ಅವೇ.

ಎಲೆಕ್ಟ್ರಾನ್ ಎಂದಮೇಲೆ ತಂತಿ ನೆನಪಾಗದೇ ಇದ್ದೀತೇ? 2004ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ತಂಡ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೆ ಊಟದ ಬದಲು ಗ್ರಾಫೈಟ್ ಎಲೆಕ್ಟ್ರೋಡ್ ಕೊಟ್ಟಿತು. ಅದು ಅಲ್ಲಿಂದಲೇ ಎಲೆಕ್ಟ್ರಾನ್ ಹೀರಿ ನೈಟ್ರೇಟನ್ನು ಒಡೆಯಿತು. ಆದರೆ ನೈಟ್ರೈಟ್‌ಗೆ ಬಂದು ನಿಂತಿತು, ಅರ್ಧ ದಾರಿ.

2020ರಲ್ಲಿ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ತಂಡ ಇದೇ ವ್ಯವಹಾರವನ್ನು ತಿರುವುಹಾಕಿತು. ಅನಾಮಾಕ್ಸ್‌ಗೆ ನೈಟ್ರೈಟ್ ನಿಲ್ಲಿಸಿ ಎಲೆಕ್ಟ್ರೋಡ್ ಮುಂದಿಟ್ಟರು. ಬ್ಯಾಕ್ಟೀರಿಯಾ ಅಮೋನಿಯಂನಿಂದ ಕಿತ್ತ ಎಲೆಕ್ಟ್ರಾನ್‌ಗಳನ್ನು ಅದಕ್ಕೇ ಸುರಿಯಿತು. ಗಾಳಿಯಿಲ್ಲ, ನೈಟ್ರೈಟಿಲ್ಲ, ಅಮೋನಿಯಂ ನೇರ ಸಾರಜನಕ ಅನಿಲ. ಊರಿನ ಚರಂಡಿಗೆ ಇದಿನ್ನೂ ದೂರದ ಮಾತು, ಸದ್ಯಕ್ಕೆ ಪ್ರಯೋಗಾಲಯದ ಪಾತ್ರೆಯೊಳಗಿನ ಆಟ. ಆ ಪಾತ್ರೆಯ ತಂತಿ ಕಳಚಿದರೆ ಅಮೋನಿಯಂ ಕರಗುವುದೂ ಅಲ್ಲಿಗೇ ನಿಲ್ಲುತ್ತದೆ.