ಕಲ್ಯಾಣಸ್ವಾಮಿಯ ಮುಖವಾಡ

ಫ್ಯಾಂಟಮ್‌ಗೆ ಸಾವಿಲ್ಲ. ದಟ್ಟ ಕಾಡಿನ ಜನ ಹಾಗೆಂದು ನಂಬಿದ್ದಾರೆ, ಅವನ ಹೆಸರು ಕೇಳಿದರೆ ನಡುಗುವ ಕಡಲ್ಗಳ್ಳರೂ ನಂಬಿದ್ದಾರೆ. ನಾನೂರು ವರ್ಷಗಳಿಂದ ಅದೇ ಮುಖವಾಡ, ಅದೇ ಉಂಗುರ, ಅದೇ ತಲೆಬುರುಡೆ ಗುಹೆ. ಗುಟ್ಟು ಗೊತ್ತಿರುವುದು ಗುಹೆಯೊಳಗಿನ ನಾಲ್ಕಾರು ಜನಕ್ಕೆ ಮತ್ತು ಓದುಗನಿಗೆ ಮಾತ್ರ: ಅಪ್ಪ ಸತ್ತ ದಿನ ಮಗ ಅದೇ ಉಡುಗೆ ತೊಡುತ್ತಾನೆ. ಈಗಿರುವವನು ಇಪ್ಪತ್ತೊಂದನೆಯವನು. ಸಾಯದಿರುವುದು ಮನುಷ್ಯನಲ್ಲ, ಹೆಸರು.

ಅಮೆರಿಕದ ಲೀ ಫಾಕ್ ಬರೆದು ರೇ ಮೂರ್ ಚಿತ್ರಿಸಿದ ಈ ಕತೆ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1936ರ ಫೆಬ್ರುವರಿ 17ರಂದು. ಸೂಪರ್‌ಮ್ಯಾನ್ ಬರುವುದಕ್ಕೆ ಇನ್ನೂ ಎರಡು ವರ್ಷವಿತ್ತು. ಮೈಗಂಟಿದ ಉಡುಗೆ, ಕಣ್ಣು ಮರೆಸುವ ಮುಖವಾಡ, ಯಾರಿಗೂ ಹೇಳದ ನಿಜನಾಮ ಎಂಬ ಅಮೆರಿಕದ ವೀರರ ವೇಷಭೂಷಣದ ಬಹುಪಾಲು ಫ್ಯಾಂಟಮ್‌ನಲ್ಲಿ ಆಗಲೇ ಸಿದ್ಧವಾಗಿತ್ತು.

ಆದರೆ ಒಂದು ಹೆಸರನ್ನು ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ದಾಟಿಸಿ ಅದನ್ನು ಸಾಯದಂತೆ ಉಳಿಸುವ ಉಪಾಯ ಫಾಕ್ ಅವರಿಗೆ ಹೊಳೆಯುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಕೊಡಗಿನಲ್ಲಿ ನಡೆದುಹೋಗಿತ್ತು. ಅಲ್ಲಿ ಅದು ಚಿತ್ರಕತೆಯಾಗಿರಲಿಲ್ಲ. ಹರಿದದ್ದು ರಕ್ತ, ಕೊನೆಯಲ್ಲಿ ಬಿದ್ದದ್ದು ನೇಣು.

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಗೆ ಬಂತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡ. ಕೊಡಗು ಕಂಪನಿಯ ಪಾಲಾಯಿತು. ಅರಸರ ಕಾಲದಲ್ಲಿ ಕೊಡಗಿಗೆ ಸೇರಿದ್ದ ಪುತ್ತೂರು, ಅಮರ ಸುಳ್ಯ ಸೀಮೆಯನ್ನು ಕತ್ತರಿಸಿ ದಕ್ಷಿಣ ಕನ್ನಡಕ್ಕೆ ಅಂಟಿಸಲಾಯಿತು. ಬೆಳೆದ ಭತ್ತವನ್ನೇ ಅಳೆದು ಕಂದಾಯ ಕೊಡುತ್ತಿದ್ದ ರೈತ ಇನ್ನು ಮುಂದೆ ಹಣ ಎಣಿಸಬೇಕಾಯಿತು. ಹಣ ಬೇಕೆಂದರೆ ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕು, ಅವನು ಹೇಳಿದ ದರಕ್ಕೆ ಭತ್ತ ಸುರಿಯಬೇಕು. ಸಿಟ್ಟು ಹೊಗೆಯಾಡಿದ್ದು ಅರಸ ಹೋದ ದುಃಖದಿಂದಷ್ಟೇ ಅಲ್ಲ.

ಆಗ ಒಬ್ಬ ಸ್ವಾಮಿ ಕಾಣಿಸಿಕೊಂಡರು. ಹೆಸರು ಅಪರಂಪಾರ. ತಾನು ಹಾಲೇರಿ ಮನೆತನಕ್ಕೆ ಸೇರಿದವನು, ಪಟ್ಟಕ್ಕೆ ಹಕ್ಕುಳ್ಳವನು ಎಂದರು. ಹಾಲೇರಿಯವರು ಲಿಂಗಾಯತರು. ಊರೂರು ಸುತ್ತುವ ಜಂಗಮನ ಕಾವಿ ಆ ನಾಡಿನಲ್ಲಿ ಯಾರ ಕಣ್ಣಿಗೂ ಹೊಸದಲ್ಲ, ಯಾವ ಮನೆಯ ಜಗಲಿಯಲ್ಲೂ ಅದಕ್ಕೆ ತಡೆಯಿಲ್ಲ. ಗುಟ್ಟು ಕಾಯಲು ಅದಕ್ಕಿಂತ ಒಳ್ಳೆಯ ವೇಷ ಬೇರೆ ಯಾವುದಿದ್ದೀತು? ಕಂಪನಿ ಅವರನ್ನು ಹಿಡಿಯಿತು. ಕಲ್ಯಾಣಸ್ವಾಮಿ ಎಂಬ ಇನ್ನೊಬ್ಬರು ಅದೇ ಹಕ್ಕನ್ನು ಹೇಳಿಕೊಂಡು ಬಂದರು. ಅವರೂ ಸೆರೆಯಾದರು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1837ರಲ್ಲಿ ಕಲ್ಯಾಣಸ್ವಾಮಿ ಮತ್ತೆ ಎದ್ದು ಬಂದರು! ಈ ಸಲ ಆ ಹೆಸರಿನೊಳಗೆ ಇದ್ದದ್ದು ಉತ್ತರ ಕೊಡಗಿನ ಶನಿವಾರಸಂತೆ ಕಡೆಯ ರೈತ ಪುಟ್ಟಬಸಪ್ಪ. ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯಗೌಡರು ಮತ್ತು ಸಂಗಡಿಗರು ಅವರನ್ನು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ದಾರಿಯುದ್ದಕ್ಕೂ ಜನ ಸೇರಿದರು. ಏಪ್ರಿಲ್ 5ರಂದು ಮಂಗಳೂರು ಕೈಗೆ ಬಂತು. ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟ ಇಳಿದು ದಂಗೆಯವರ ಬಾವುಟ ಏರಿತು. ಹದಿಮೂರು ದಿನ ಆ ಊರನ್ನು ಆಳಿದ್ದು ಒಬ್ಬ ರೈತ ಧರಿಸಿದ್ದ ಹೆಸರು.

ಪುಟ್ಟಬಸಪ್ಪನವರಿಗೆ ಹಾರಲು ಬರುತ್ತಿರಲಿಲ್ಲ, ಗುಂಡು ಎದೆಗೆ ತಾಗಿ ಸಿಡಿದು ಹೋಗುತ್ತಿರಲಿಲ್ಲ. ಅವರಲ್ಲಿದ್ದ ಶಕ್ತಿ ಒಂದೇ, ಜನ ಬಯಸಿದ್ದ ಹೆಸರು.

ಮೊದಲು ಖಳ, ಆಮೇಲೆ ವೀರ

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಕಾಮಿಕ್ಸ್ ಲೋಕ ನೋಡಿದರೆ ಕೆಲವು ಸಂಗತಿಗಳು ಬೇರೆಯಾಗಿ ಕಾಣುತ್ತವೆ. ಸೂಪರ್‌ಮ್ಯಾನ್ ಎಂಬ ಹೆಸರು ಮೊದಲು ಇಟ್ಟದ್ದು ಖಳನಿಗೆ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಕ್ಲೀವ್‌ಲೆಂಡ್ ನಗರದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 1933ರಲ್ಲಿ ತಾವೇ ಅಚ್ಚು ಹಾಕಿದ ಪುಟ್ಟ ಪತ್ರಿಕೆಯಲ್ಲಿ ಒಂದು ಕತೆ ತಂದರು. ಅದರಲ್ಲಿ ಹಸಿದ ನಿರ್ಗತಿಕನೊಬ್ಬನಿಗೆ ವಿಜ್ಞಾನಿಯ ಔಷಧದಿಂದ ಅಸಾಧಾರಣ ಮನೋಶಕ್ತಿ ಬರುತ್ತದೆ, ಅವನು ಲೋಕವನ್ನೇ ನುಂಗಲು ಹೊರಡುತ್ತಾನೆ. ಆ ಬೋಳುತಲೆಯ ದುಷ್ಟನೇ ಮೊದಲ ಸೂಪರ್‌ಮ್ಯಾನ್. ಹೆಸರು ಉಳಿಸಿಕೊಂಡು ಒಳಗಿನ ಮನುಷ್ಯನನ್ನು ಬದಲಿಸಿದ ಮೇಲೆ, 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಇಂದಿನ ಸೂಪರ್‌ಮ್ಯಾನ್ ಬಂದ. ಅವನ ಸಮಸ್ತ ಹಕ್ಕನ್ನು ಆ ಇಬ್ಬರು ಮಾರಿದ್ದು 130 ಡಾಲರಿಗೆ. (ಕಾಮಿಕ್ಸ್ ಲೋಕದ ನಿಜವಾದ ಖಳರು ಪುಟದ ಮೇಲಲ್ಲ, ಕಚೇರಿಯ ಮೇಜಿನ ಹಿಂದೆ ಇದ್ದರು ಎಂದು ಹೇಳುವವರಿಗೆ ಇದೊಂದೇ ಸಾಕ್ಷಿ ಸಾಕು.)

ಆರಂಭದ ಸೂಪರ್‌ಮ್ಯಾನ್ ಹೊಡೆಯುತ್ತಿದ್ದುದು ಯಾರನ್ನು? ಹೆಂಡತಿಯನ್ನು ಬಡಿಯುವ ಗಂಡನನ್ನು, ಲಂಚಕೋರ ರಾಜಕಾರಣಿಯ ದಲ್ಲಾಳಿಯನ್ನು, ಕೂಲಿಗಳ ಪ್ರಾಣಕ್ಕೆ ಬೆಲೆ ಕೊಡದ ಗಣಿ ಮಾಲೀಕನನ್ನು. ಆರ್ಥಿಕ ಮುಗ್ಗಟ್ಟಿನ ಕಾಲದ ಅಮೆರಿಕಕ್ಕೆ ಇವರ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ರೈಲನ್ನೇ ಎತ್ತಬಲ್ಲವನ ಮುಂದೆ ಗಣಿ ಮಾಲೀಕ ಎಷ್ಟು ಪುಟ ನಿಂತಾನು? ಸಮಬಲದ ಎದುರಾಳಿ ಬೇಕಾಯಿತು. 1940ರಲ್ಲಿ ಲೂಥರ್ ಬಂದ. ತೋಳಿನ ಬಲಕ್ಕೆ ತಲೆಯ ಬಲ ಎದುರು ನಿಂತಿತು. ಅದೇ ವರ್ಷ ಬ್ಯಾಟ್‌ಮ್ಯಾನ್‌ನ ಸ್ವಂತ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜೋಕರ್ ನಕ್ಕ. ಅವನು ಆ ಸಂಚಿಕೆಯಲ್ಲೇ ಸಾಯಬೇಕಿತ್ತು. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವರಿಗೆ ಇಂಥ ಖಳನನ್ನು ಕಳೆದುಕೊಳ್ಳುವುದು ನಷ್ಟವೆನಿಸಿತು. ಅವಸರದಲ್ಲಿ ಕೊನೆಗೊಂದು ಚೌಕ ಸೇರಿಸಿ, ಜೋಕರ್ ಬದುಕಿದ್ದಾನೆಂದು ವೈದ್ಯನ ಬಾಯಲ್ಲಿ ಹೇಳಿಸಲಾಯಿತು. ಎಂಬತ್ತು ವರ್ಷ ದಾಟಿದರೂ ಅವನು ಸತ್ತಿಲ್ಲ. ಅವನ ನಿಜವಾದ ಹೆಸರೇನು ಎಂಬುದಕ್ಕೆ ಬರಹಗಾರರು ಒಂದೇ ಉತ್ತರಕ್ಕೆ ಅಂಟಿಕೊಂಡದ್ದೂ ಇಲ್ಲ.

ವೀರರಿಗೂ ಇದೇ ವ್ಯವಸ್ಥೆ. 1992ರ ನವೆಂಬರ್‌ನಲ್ಲಿ ಡೂಮ್ಸ್‌ಡೇ ಎಂಬ ರಾಕ್ಷಸನ ಕೈಯಲ್ಲಿ ಸೂಪರ್‌ಮ್ಯಾನ್ ಸತ್ತ. ಆ ಸಂಚಿಕೆ ಲಕ್ಷಗಟ್ಟಲೆ ಮಾರಿತು. ಮರುವರ್ಷವೇ ಅವನ ಹೆಸರು ಹೊತ್ತು ಒಬ್ಬರಲ್ಲ, ನಾಲ್ವರು ಬಂದರು. ಜನರಿಗೆ ಗೊಂದಲ, ಯಾರು ಅಸಲಿ? ಒಬ್ಬ ಉಕ್ಕಿನ ಕವಚ ತೊಟ್ಟ ಸಾಮಾನ್ಯ ಮನುಷ್ಯ, ಇನ್ನೊಬ್ಬ ಆ ಹೆಸರಿನ ಮರೆಯಲ್ಲಿ ಅಡಗಿದ ಖಳ. ಕೊಡಗಿನವರು ಓದಿದರೆ ಕಲ್ಯಾಣಸ್ವಾಮಿ ನೆನಪಾಗದೆ ಇರಲಾರರು.

ಖಳ ಯಾರೆಂದು ಬರೆಯುವವರು ಯಾರು?

1954ರಲ್ಲಿ ಅಮೆರಿಕದ ಕಾಮಿಕ್ಸ್‌ಗೆ ಕಷ್ಟಕಾಲ ಬಂತು. ಇವು ಮಕ್ಕಳನ್ನು ಕೆಡಿಸುತ್ತವೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ದಂ ಪುಸ್ತಕ ಬರೆದರು. ಸರ್ಕಾರ ಕೈಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆ ರಚಿಸಿಕೊಂಡರು. ಪ್ರತಿ ಕತೆಯಲ್ಲೂ ಒಳಿತೇ ಗೆಲ್ಲಬೇಕು. ಅಪರಾಧಿಯ ಮೇಲೆ ಓದುಗನಿಗೆ ಕನಿಕರ ಹುಟ್ಟಬಾರದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಮೂಡಬಾರದು. ಈ ಸಂಹಿತೆಯ ಮುದ್ರೆ ಸವೆಯುತ್ತ ಸವೆಯುತ್ತ ಪೂರ್ತಿ ಅಳಿದದ್ದು 2011ರಲ್ಲಿ.

ಈ ನಿಯಮದಂತೆ 1837ರ ಕತೆಯನ್ನು ಬರೆದರೆ ಏನಾಗುತ್ತಿತ್ತು? ಆಳುವ ಸರ್ಕಾರವೆಂದರೆ ಕಂಪನಿ. ಖಜಾನೆಗೆ ಕೈಹಾಕಿದವರು ಅಪರಾಧಿಗಳು. ಇನ್ನೊಬ್ಬರ ಹೆಸರು ಹೇಳಿಕೊಂಡು ಜನರನ್ನು ನಂಬಿಸಿದವರಂತೂ ಮೋಸಗಾರರು. ಹಾಗೆ ಬರೆದವರೂ ಇದ್ದರು. ಕರಾವಳಿಯ ಬಾಯಿಮಾತಿನಲ್ಲಿ ಆ ದಂಗೆ ಬಹುಕಾಲ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿನಲ್ಲಿ. ಕಾಟಕಾಯಿ ಎಂದರೆ ಲೂಟಿ, ಹಾವಳಿ. ಊರಿನವರಿಗೆಲ್ಲ ಅದು ವೀರಗಾಥೆಯಾಗಿರಲಿಲ್ಲ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಕೊಡಗಿನೊಳಗೂ ಒಮ್ಮತವಿರಲಿಲ್ಲ. ದಿವಾನರಾಗಿದ್ದ ಅಪ್ಪಾರಂಡ ಬೋಪು, ಚೆಪ್ಪುಡೀರ ಪೊನ್ನಪ್ಪ ಮುಂತಾದವರು ಕಂಪನಿಯ ಪಕ್ಷದಲ್ಲಿ ನಿಂತರು. ನಿಷ್ಠೆ ತೋರಿದವರಿಗೆ ಕಂಪನಿ ಪದಕ ಟಂಕಿಸಿ ಹಂಚಿತು. ಆ ಪದಕದ ಮೇಲಿದ್ದುದು ಆಯುಧ ಎತ್ತಿ ನಿಂತ ಕೊಡವ ಯೋಧನ ಚಿತ್ರ. ಅಮೆರಿಕದ ಚಿತ್ರಕಾರನಾಗಿದ್ದರೆ ಅದನ್ನೇ ಮುಖಪುಟ ಮಾಡುತ್ತಿದ್ದನೋ ಏನೋ.

ಇನ್ನು ಚಿಕ್ಕವೀರರಾಜೇಂದ್ರ. ಕೊಡಗಿನ ಇತಿಹಾಸದಲ್ಲಿ ಮಹಾಖಳ ಯಾರು ಎಂದು ಕೇಳಿದರೆ ಬಹಳ ಮಂದಿ ಬೆರಳು ತೋರಿಸುವುದು ಈತನ ಕಡೆಗೆ. ವಿಲಾಸಿ, ಕ್ರೂರಿ, ಸ್ವಂತ ಬಂಧುಗಳ ಕೊಲೆಗೂ ಹೇಸದವನು. ಕನ್ನಡದ ಮೊದಲ ಪತ್ರಿಕೆ ತಂದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಹಾಲೇರಿ ಅರಸರ ಕ್ರೌರ್ಯದ ವಿವರಗಳು ಧಾರಾಳವಾಗಿವೆ. ಅದೆಲ್ಲ ಕಟ್ಟುಕತೆ ಎನ್ನುವಂತಿಲ್ಲ. ಆದರೆ ಪಟ್ಟ ಕಸಿದುಕೊಂಡವರಿಗೆ ಪಟ್ಟ ಕಳೆದುಕೊಂಡವನು ರಾಕ್ಷಸನಾಗಿರುವುದು ಅನುಕೂಲ. ಅವನು ಎಷ್ಟು ಕರಾಳನೋ ಇವರು ಅಷ್ಟು ಬೆಳ್ಳಗೆ. ಕಾಶಿಯಲ್ಲಿ ಸೆರೆಯ ಬದುಕು ಕಳೆದ ಆ ಅರಸ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿಯೇ ಗೌರಮ್ಮನ ದೀಕ್ಷೆಗೆ ಧರ್ಮಮಾತೆಯಾದಳು. ಕಂಪನಿಯಲ್ಲಿ ಸಿಕ್ಕಿಬಿದ್ದ ತನ್ನ ಹಣಕ್ಕಾಗಿ ಅರಸ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ರಾಕ್ಷಸನೆಂದು ಓದಿಕೊಂಡವರಿಗೆ ಈ ಕೊನೆಯ ಅಧ್ಯಾಯ ಎಲ್ಲಿ ಇಡಬೇಕೆಂದೇ ತಿಳಿಯುವುದಿಲ್ಲ.

ಖಳನಿಗೂ ಹಿಂದಿನ ಬದುಕೊಂದು ಇರುತ್ತದೆ ಎಂಬುದು ಅಮೆರಿಕದ ಕಾಮಿಕ್ಸ್‌ಗೆ ತಡವಾಗಿ ಹೊಳೆಯಿತು. ‘ಎಕ್ಸ್-ಮೆನ್’ ಕತೆಯ ಮ್ಯಾಗ್ನೆಟೋ 1963ರಲ್ಲಿ ಬಂದಾಗ ಬರೀ ಗರ್ಜಿಸುವ ದುಷ್ಟ. 1981ರಲ್ಲಿ ಬರಹಗಾರ ಕ್ರಿಸ್ ಕ್ಲೇರ್ಮಾಂಟ್ ಅವನ ಬಾಲ್ಯದ ಬಾಗಿಲು ತೆರೆದರು. ಅವನು ಹಿಟ್ಲರನ ಯಾತನಾ ಶಿಬಿರದಿಂದ ಬದುಕಿ ಬಂದವನು. ಅಂದಿನಿಂದ ಅವನ ಸಿಟ್ಟನ್ನು ಓದುಗ ತಳ್ಳಿಹಾಕಲಾರ, ಒಪ್ಪಲೂ ಆರ. ಕನ್ನಡದಲ್ಲಿ ಈ ಕೆಲಸ ಅದಕ್ಕಿಂತ ಇಪ್ಪತ್ತೈದು ವರ್ಷ ಮೊದಲೇ ಆಗಿತ್ತು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಅಲ್ಲಿಯ ಅರಸ ಕೆಟ್ಟವನೇ, ಮಾಸ್ತಿಯವರು ಅವನನ್ನು ತೊಳೆದು ಬಿಳಿ ಮಾಡುವುದಿಲ್ಲ. ಆದರೆ ಅವನು ಮನುಷ್ಯ. ನಿರಂಜನರಂತೂ ‘ಸ್ವಾಮಿ ಅಪರಂಪಾರ’, ‘ಕಲ್ಯಾಣಸ್ವಾಮಿ’ ಎಂಬ ಎರಡು ಕಾದಂಬರಿಗಳಲ್ಲಿ ಕಂಪನಿಯ ದಾಖಲೆಯ ಡಕಾಯಿತರನ್ನು ನಾಯಕರ ಜಾಗದಲ್ಲಿ ಕೂರಿಸಿದರು.

ಫ್ಯಾಂಟಮ್ ವಿಷಯದಲ್ಲೂ ಇಂಥದೊಂದು ತಿದ್ದುಪಡಿ ನಡೆದಿದೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದಾಗ ಒಂದು ಪೇಚು ಎದುರಾಯಿತು. ಮೂಲದಲ್ಲಿ ಫ್ಯಾಂಟಮ್‌ನ ನಾಡು ಬೆಂಗಾಲಾ, ವಂಶಪಾರಂಪರ್ಯವಾಗಿ ಅವನ ವೈರಿಗಳಾದ ಕಡಲ್ಗಳ್ಳರು ‘ಸಿಂಗ್’ ಪಂಗಡದವರು! ಭಾರತದ ಓದುಗನ ಕೈಗೆ ಇದನ್ನು ಕೊಡುವುದು ಹೇಗೆ? ಬೆಂಗಾಲಾ ಡೆಂಕಾಲಿಯಾಯಿತು, ಸಿಂಗ್ ಸಿಂಗಾ ಆಯಿತು. ಬಿಳಿಯನೊಬ್ಬ ಕಾಡಿನ ಸಿಂಹಾಸನದಲ್ಲಿ ಕುಳಿತು ಕಪ್ಪು ಜನರನ್ನು ಕಾಯುತ್ತಾನೆ ಎಂಬ ಹೂರಣ ಮಾತ್ರ ಹಾಗೆಯೇ ಉಳಿಯಿತು. ಕೊಡಗನ್ನು ಹಿಡಿದಾಗ ಕಂಪನಿಯೂ ತನ್ನ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳಿಕೊಂಡಿತ್ತು. 2004ರಲ್ಲಿ ಬೆಂಗಳೂರಿನ ಗೋಥಂ ಸಂಸ್ಥೆಯವರು ಸ್ಪೈಡರ್‌ಮ್ಯಾನ್‌ಗೆ ಪಂಚೆ ಉಡಿಸಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಹುಡುಗನನ್ನಾಗಿ ಮಾಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅದರಲ್ಲಿ ಹಸಿರು ಖಳ ಗಾಬ್ಲಿನ್ ರಾಕ್ಷಸನೇ ಆಗಿಬಿಟ್ಟ. ಚಿತ್ರ ಜೀವನ್ ಕಾಂಗ್ ಅವರದು.

ಮಂಗಳೂರಿನಲ್ಲಿ ಹದಿಮೂರು ದಿನ ಕಳೆಯುವಷ್ಟರಲ್ಲಿ ಕಂಪನಿಯ ಹೆಚ್ಚಿನ ದಂಡು ಬಂದಿಳಿಯಿತು. ದಂಗೆ ಮುರಿಯಿತು. ಅಮೆರಿಕದ ಕತೆಗಳಲ್ಲಿ ಮುಖವಾಡ ಕಳಚುವುದು ಕೊನೆಯ ಪುಟದಲ್ಲಿ, ಕಳಚಿದ ಮೇಲೂ ಮುಂದಿನ ತಿಂಗಳ ಸಂಚಿಕೆ ಇರುತ್ತದೆ. ಇಲ್ಲಿ ಹಾಗಿರಲಿಲ್ಲ. ಕಲ್ಯಾಣಸ್ವಾಮಿ ಎಂದು ಜನ ಕರೆದಿದ್ದ ಪುಟ್ಟಬಸಪ್ಪನವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಲಾಯಿತು. ಇಂದು ಮಡಿಕೇರಿಯಲ್ಲಿ ಅಪ್ಪಯ್ಯಗೌಡರ ಪ್ರತಿಮೆಯಿದೆ. ಮಂಗಳೂರಿನ ಬಾವುಟಗುಡ್ಡದಲ್ಲಿ 2022ರ ನವೆಂಬರ್‌ನಲ್ಲಿ ಕೆದಂಬಾಡಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಎದ್ದಿದೆ. ಇಬ್ಬರೂ ಮುಖವಾಡ ತೊಟ್ಟವರಲ್ಲ, ಸ್ವಂತ ಹೆಸರಿನಲ್ಲೇ ನಿಂತಿದ್ದಾರೆ.