ಕಿಟಕಿಯ ಬೆಳಕಿನಲ್ಲಿ ಒಂದು ನಿಮಿಷದ ಸಿನೆಮಾ

ಹೋದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಹೊರಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ತುದಿಯಲ್ಲಿ ಕಣ್ಣಿಟ್ಟು ನೋಡುವ ಮಸೂರ, ಪಕ್ಕದಲ್ಲಿ ತಿರುಗಿಸಲು ಪುಟ್ಟ ಹಿಡಿ. ಕಾಲೇಜಿಗೆ ಹೋಗುವ ಮಗಳು ಅದನ್ನು ಹಿಂದೆಮುಂದೆ ಹೊರಳಿಸಿ ನೋಡಿ, "ಅಪ್ಪಾ, ಇದನ್ನ ಚಾರ್ಜ್ ಮಾಡೋದು ಎಲ್ಲಿಂದ?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರ ಸ್ವಲ್ಪ ಉದ್ದವಾಯಿತು. ನಮ್ಮ ಸಂಘದ ಉಳಿದ ಯುವಮಿತ್ರರೂ ಅದನ್ನು ಕೇಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ. ಕಿಟಕಿಯ ಕಡೆ ಮುಖ ಮಾಡಿ ಕಣ್ಣಿಗೆ ಹಿಡಿದು ಹಿಡಿಯನ್ನು ತಿರುಗಿಸಿದರೆ ಸಾಕು, ಒಳಗೆ ಸಿನೆಮಾ ಓಡುತ್ತದೆ. ಓಡುವುದು ನಿಜವಾದ ಫಿಲ್ಮು. 1965ರಲ್ಲಿ ಕೊಡಾಕ್ ಕಂಪನಿ ಮನೆಯ ಮಟ್ಟಿಗೆ ಸಿನೆಮಾ ತೆಗೆಯುವವರಿಗಾಗಿ ಸೂಪರ್ 8 ಎಂಬ ಫಿಲ್ಮನ್ನು ಮಾರುಕಟ್ಟೆಗೆ ತಂದಿತು. ಅಗಲ 8 ಮಿಲಿಮೀಟರು, ಅಡಿಗೆ 72 ಚಿತ್ರಗಳು. ಸೆಕೆಂಡಿಗೆ 18 ಚಿತ್ರಗಳಂತೆ ಓಡಿಸಿದರೆ 15 ಅಡಿ ಫಿಲ್ಮಿಗೆ ಸರಿಯಾಗಿ ಒಂದು ನಿಮಿಷ. ಈ ಫಿಲ್ಮನ್ನೇ ಬಳಸಿ ಅಮೆರಿಕದ ಫಿಶರ್-ಪ್ರೈಸ್ ಕಂಪನಿ 1973ರಲ್ಲಿ 'ಮೂವಿ ವ್ಯೂಯರ್' ಎಂಬ ಆಟಿಕೆ ಹೊರತಂದಿತು. ಅದರ ಜೊತೆಗೆ ಬರುತ್ತಿದ್ದದ್ದು ಮಿಕ್ಕಿ ಮೌಸನ 'ಲೋನ್‌ಸಮ್ ಘೋಸ್ಟ್ಸ್' ಚಿತ್ರದ ತುಣುಕು. ಅದಕ್ಕೂ ಮೊದಲು ವ್ಯೂ-ಮಾಸ್ಟರ್ ಇತ್ತು, 1939ರ ನ್ಯೂಯಾರ್ಕ್ ವಿಶ್ವ ಮೇಳದ ಕಾಲದಿಂದ. ಆದರೆ ಅದರಲ್ಲಿ ತಾಜಮಹಲು ನಿಂತಲ್ಲೇ ನಿಂತಿರುತ್ತಿತ್ತು. ಇದರಲ್ಲಿ ಬೊಂಬೆ ಓಡುತ್ತಿತ್ತು, ಬೀಳುತ್ತಿತ್ತು, ಹಾರುತ್ತಿತ್ತು.

ಒಳಗಿನ ಏರ್ಪಾಡು ಸೊಗಸಾದದ್ದು. ಫಿಲ್ಮಿನ ಎರಡು ತುದಿಗಳನ್ನೂ ಅಂಟಿಸಿ ಸುರುಳಿ ಮಾಡಿ ಒಂದು ಪೆಟ್ಟಿಗೆಯಲ್ಲಿ ಕೂಡಿಸಿರುತ್ತಾರೆ. ಸುರುಳಿಯ ಹೊಟ್ಟೆಯಿಂದ ಫಿಲ್ಮು ಹೊರಗೆ ಬಂದು, ಮಸೂರದ ಮುಂದೆ ಹಾದು, ಮತ್ತೆ ಸುರುಳಿಯ ಬೆನ್ನಿಗೆ ಸುತ್ತಿಕೊಳ್ಳುತ್ತದೆ. ಹೀಗಾಗಿ ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಮರಳಿ ಸುತ್ತುವ ಕೆಲಸವೂ ಇಲ್ಲ. ನಿಧಾನ ತಿರುಗಿಸಿದರೆ ನಿಧಾನ, ಜೋರಾಗಿ ತಿರುಗಿಸಿದರೆ ಜೋರು. ಕೈ ನಿಲ್ಲಿಸಿದರೆ ಹಾರುತ್ತಿದ್ದವನು ಆಕಾಶದಲ್ಲೇ ನಿಂತ. ಥಿಯೇಟರಿನಲ್ಲಿ ಆಪರೇಟರನ ಕೈಯಲ್ಲಿದ್ದ ಅಧಿಕಾರ ಮೂರನೇ ಕ್ಲಾಸಿನ ಹುಡುಗನ ಕೈಗೆ ಬಂದಿತ್ತು.

ಹಾರುವ ವೀರರ ತುಣುಕುಗಳು ಈ ಡಬ್ಬಿಗಳಿಗೆ ಹೇಳಿ ಮಾಡಿಸಿದ ಹಾಗಿದ್ದವು. ಅದಕ್ಕೊಂದು ಕಾರಣವೂ ಉಂಟು. 1967ರಲ್ಲಿ ಅಮೆರಿಕದ ಟೀವಿಯಲ್ಲಿ ಶುರುವಾದ ಸ್ಪೈಡರ್‌ಮ್ಯಾನ್ ಕಾರ್ಟೂನನ್ನು ನೀವು ಯೂಟ್ಯೂಬಿನಲ್ಲಿ ನೋಡಿರಬಹುದು. ಕಡಿಮೆ ಖರ್ಚಿನಲ್ಲಿ ಮುಗಿಸಬೇಕಾಗಿದ್ದರಿಂದ ಆತ ಕಟ್ಟಡದಿಂದ ಕಟ್ಟಡಕ್ಕೆ ಜೋಲಾಡುವ ಅವೇ ಚಿತ್ರಗಳನ್ನು ಮತ್ತೆ ಮತ್ತೆ ಬಳಸಿದ್ದಾರೆ. ಟೀವಿಯಲ್ಲೇ ಸುತ್ತು ಹೊಡೆಯುತ್ತಿದ್ದವನು ಡಬ್ಬಿಯಲ್ಲಿ ಸುತ್ತು ಹೊಡೆದರೆ ಯಾವ ಮಗುವಿಗೆ ಬೇಸರ?

ಇನ್ನು ಇದರಲ್ಲಿ ಶಬ್ದವಿಲ್ಲ. ಬಾಯಿ ಆಡುತ್ತದೆ, ಮಾತು ಕೇಳಿಸದು. ನಮ್ಮ ಮನೆಯ ಕಥೆ ಶುರುವಾಗುವುದು ಇಲ್ಲಿಂದಲೇ.

ಹಡಗಿನಲ್ಲಿ ಕೆಲಸಕ್ಕಿದ್ದ ಕಾಕಾ 1979ರಲ್ಲಿ ಈ ಡಬ್ಬಿಯನ್ನು ತಂದುಕೊಟ್ಟರು. ಕಂಪನಿಯ ಹೆಸರೂ ಇಲ್ಲದ ಅಗ್ಗದ ಮಾಲು, ಜೊತೆಗೆ ಸೂಪರ್‌ಮ್ಯಾನನ ಒಂದೇ ಒಂದು ಸುರುಳಿ. ಆಗ ನಾವಿದ್ದದ್ದು ಡೊಂಬಿವಿಲಿಯ ಚಾಳಿನಲ್ಲಿ. ಮನೆಯಲ್ಲಿ ಟೀವಿ ಇರಲಿಲ್ಲ. ಅಪ್ಪ ಅದನ್ನು ನೋಡಿ ನಕ್ಕು, ಗದಗಿನಲ್ಲಿ ತಾವು ಟೂರಿಂಗ್ ಟಾಕೀಸಿನವರು ಬಿಸಾಕಿದ ಫಿಲ್ಮಿನ ಚೂರುಗಳನ್ನು ಆರಿಸಿ ತಂದು, ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು ಗೋಡೆಯ ಮೇಲೆ ರಾಜಕುಮಾರರನ್ನು ಮೂಡಿಸುತ್ತಿದ್ದ ಕಥೆ ಹೇಳಿದರು. ರಾಜಕುಮಾರರು ಎಷ್ಟೋ ಸಲ ತಲೆಕೆಳಗಾಗಿ ನಿಂತಿರುತ್ತಿದ್ದರಂತೆ.

ಅದೇ ವರ್ಷ ಅಜ್ಜಿ ಊರಿನಿಂದ ಬಂದು ನಮ್ಮಲ್ಲಿ ಇದ್ದರು. ಅವರಿಗೆ ಹಿಂದಿ ಬಾರದು, ಮರಾಠಿ ಬಾರದು. ಚಾಳಿನಲ್ಲಿ ಮಾತಾಡಲು ಯಾರೂ ಇಲ್ಲದೆ ಇಡೀ ದಿನ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇನ್ನೊಂದು ಕಣ್ಣಿಗೆ ನಾನು ಡಬ್ಬಿ ಹಿಡಿದು ತಿರುಗಿಸಿದೆ.

"ಅಯ್ಯ, ಯಾರೋ ಇಂವಾ? ಬೆನ್ನಿಗೆ ಶಾಲು ಕಟಗೊಂಡಾನ!"

ಪಕ್ಕದಲ್ಲಿದ್ದ ಅಕ್ಕ, "ಹನುಮಪ್ಪ ಇದ್ದಂಗ ಅಜ್ಜಿ" ಎಂದಳು.

"ಹನುಮಪ್ಪಗ ಬಾಲ ಐತಿ. ಇವಗ ಎಲ್ಲಿ ಐತಿ?"

ಅಂದಿನಿಂದ ಆತ ನಮ್ಮ ಮನೆಯಲ್ಲಿ 'ಶಾಲಿನಾಂವ' ಆದ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ ಆಡುತ್ತಿದ್ದ ನನಗೆ ಅಲ್ಲಿಯವರೆಗೆ ಕನ್ನಡ ಎಂದರೆ 'ಊಟ ಬೇಕು, ನೀರು ಬೇಕು' ಅಷ್ಟೇ ಆಗಿತ್ತು. ಈಗ ಕಥೆ ಹೇಳಬೇಕಾಯಿತು. ಡಬ್ಬಿಯಲ್ಲಿ ಇದ್ದದ್ದು ಇಷ್ಟು: ಹೆಗಲ ಮೇಲೆ ಹಕ್ಕಿ ಕೂತ ಒಬ್ಬ ಮುದುಕ ಯಂತ್ರ ತಿರುಗಿಸುತ್ತಾನೆ, ಬೆಳಕಿನ ಕೋಲು ಬಂದು ಎತ್ತರದ ಕಟ್ಟಡಕ್ಕೆ ಬಡಿಯುತ್ತದೆ, ಕಟ್ಟಡ ವಾಲುತ್ತದೆ, ಶಾಲಿನಾಂವ ಹಾರಿ ಬಂದು ಅದನ್ನು ಎತ್ತಿ ನೇರ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಮತ್ತೆ ಮುದುಕ, ಮತ್ತೆ ಹಕ್ಕಿ. "ಮುಂದ ಏನಾತು?" ಎಂದು ಅಜ್ಜಿ ಕೇಳುವರು. ಮುಂದಿನದನ್ನು ನಾನೇ ಕಟ್ಟಬೇಕು. ಶಬ್ದ ಸಿಗದಿದ್ದಾಗ ಮರಾಠಿ ಶಬ್ದ ತುರುಕುತ್ತಿದ್ದೆ, ಅಜ್ಜಿ ಅಲ್ಲೇ ತಡೆದು ಕನ್ನಡದ ಶಬ್ದ ಕೊಡುತ್ತಿದ್ದರು. ವಾಲು, ಕುಸಿ, ಆತುಕೊಳ್ಳು ಎಂಬ ಮಾತುಗಳೆಲ್ಲ ನನಗೆ ಆ ಕಟ್ಟಡದಿಂದ ಬಂದವು. ಆ ಮುದುಕ ಬಾಡಿಗೆ ಕೊಡದೆ ಹೊರಹಾಕಿಸಿಕೊಂಡವನು, ಅದಕ್ಕೇ ಕಟ್ಟಡದ ಮೇಲೆ ಸಿಟ್ಟು ಎಂದು ನಾವಿಬ್ಬರೂ ಸೇರಿ ತೀರ್ಮಾನಿಸಿದ್ದೆವು.

ಅಜ್ಜಿಗೆ ಹಿಡಿಯನ್ನು ಹಿಂದಕ್ಕೆ ತಿರುಗಿಸುವುದೇ ಹೆಚ್ಚು ಇಷ್ಟ. ಆಗ ಶಾಲಿನಾಂವನೇ ನೆಟ್ಟಗಿದ್ದ ಕಟ್ಟಡವನ್ನು ವಾಲಿಸಿ, ಬೆನ್ನು ಮುಂದಾಗಿ ಹಾರಿ ಓಡಿಹೋಗುತ್ತಿದ್ದ. "ನೋಡು, ತಾನೇ ಕೆಡವಿ ಓಡಾಕತ್ತಾನ ಕಳ್ಳ!" ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು.

1982ರಲ್ಲಿ ಅಜ್ಜಿ ಊರಿಗೆ ಹೊರಟರು. ಹಿಂದಿನ ರಾತ್ರಿ ನನ್ನನ್ನು ಕರೆದು, "ಆ ಡಬ್ಬಿ ನನಗ ಕೊಡತೀಯೇನು? ಸೂಟಿಗೆ ಬಂದಾಗ ತಿರುಗಿ ಒಯ್ಯಿ" ಎಂದರು. ನಾನು ಹೂಂ ಎಂದೆ. ಬೆಳಗಾಗುವ ಮೊದಲು ಎದ್ದು ಅದನ್ನು ಪಾಟೀಚೀಲದಲ್ಲಿ ಬಚ್ಚಿಟ್ಟು, ಕಳೆದುಹೋಯಿತು ಎಂದು ಹೇಳಿದೆ. ಅಜ್ಜಿ ತಾವೂ ಹಾಸಿಗೆ ಕೊಡವಿ ಹುಡುಕಿದರು. ರೈಲಿಗೆ ಹೊತ್ತಾಗಿತ್ತು. ಸೂಟಿ ಬರುವ ಮೊದಲೇ ಊರಿನಿಂದ ತಾರು ಬಂತು.

ಡಬ್ಬಿ ಟ್ರಂಕು ಸೇರಿದ್ದು ಆಗ. ಹೊರಗಿನ ಲೋಕದಲ್ಲೂ ಈ ಆಟಿಕೆಯ ಕಾಲ ಮುಗಿಯುತ್ತಿತ್ತು. 1975–76ರಲ್ಲಿ ಬಂದ ಬೀಟಾಮ್ಯಾಕ್ಸ್, ವಿಎಚ್‌ಎಸ್ ವೀಡಿಯೊಗಳು ಮನೆ ಮನೆಗೆ ಪೂರ್ತಿ ಸಿನೆಮಾವನ್ನೇ ತಂದವು. ಒಂದು ನಿಮಿಷದ ಮೂಕಚಿತ್ರ ಯಾರಿಗೆ ಬೇಕು? ಹಾಗೆಂದು ಅದು ಪೂರ್ತಿ ಸತ್ತಿಲ್ಲ. ನೀವು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸುವ ಜಿಫ್, ಅದೇ ಶಬ್ದವಿಲ್ಲದ, ಕೊನೆಯಿಲ್ಲದ ಸುರುಳಿ. ಅದೂ 1987ರಷ್ಟು ಹಳೆಯದು. ಹಿಡಿ ಮಾತ್ರ ಇಲ್ಲ.

ಕೆಲವು ವರ್ಷಗಳ ಹಿಂದೆ ಇಂಟರ್‌ನೆಟ್ಟಿನಲ್ಲಿ ಆ ಚಿತ್ರ ಪೂರ್ತಿಯಾಗಿ ಸಿಕ್ಕಿತು. 1941ರಿಂದ 1943ರ ನಡುವೆ ಸೂಪರ್‌ಮ್ಯಾನನ ಮೇಲೆ ಬಂದ 17 ಕಿರುಚಿತ್ರಗಳಲ್ಲಿ ಮೊಟ್ಟಮೊದಲನೆಯದು, ಫ್ಲೈಷರ್ ಸ್ಟುಡಿಯೋದವರು ಮಾಡಿದ್ದು. ಈಗಲೂ ಕಣ್ಣು ಕೀಳಲಾಗದಂಥ ಕೆಲಸ. ಮುದುಕ ಹುಚ್ಚು ವಿಜ್ಞಾನಿಯಂತೆ, ಬಾಡಿಗೆಯ ತಂಟೆ ಏನೂ ಇಲ್ಲ. ಮೊದಲ ಸಲ ಅವನ ದನಿ ಕೇಳಿದೆ, ಇಂಗ್ಲಿಷಿನಲ್ಲಿ. ಅರ್ಧಕ್ಕೆ ಶಬ್ದ ಬಂದು ಮಾಡಿ ನೋಡಿದೆ.

ಇದೆಲ್ಲವನ್ನೂ ಹೇಳಿ ಮಗಳ ಕೈಗೆ ಡಬ್ಬಿ ಕೊಟ್ಟೆ. ಹಿಡಿ ಸ್ವಲ್ಪ ಬಿಗಿಯಾಗಿದೆ, ಆದರೂ ತಿರುಗುತ್ತದೆ. ಬಣ್ಣದ ಫಿಲ್ಮು ಹಳೆಯದಾದಂತೆ ಅದರ ನೀಲಿಛಾಯೆ ಎಲ್ಲಕ್ಕಿಂತ ಮೊದಲು ಮಾಸಿ, ಕೆಂಪು ಮಾತ್ರ ಉಳಿದುಕೊಳ್ಳುತ್ತದೆ. ಶಾಲಿನಾಂವನ ನೀಲಿ ಅಂಗಿ ಹೋಗಿಬಿಟ್ಟಿದೆ. ಆಕಾಶವೂ ಗುಲಾಬಿ, ಅವನೂ ಗುಲಾಬಿ. ಮಗಳು ಕಿಟಕಿಗೆ ಮುಖ ಮಾಡಿ ಒಂದು ಸುತ್ತು ಮುಂದಕ್ಕೆ ನೋಡಿದಳು. ಆಮೇಲೆ ನಾನು ಹೇಳದೆಯೇ ಹಿಡಿಯನ್ನು ಹಿಂದಕ್ಕೆ ತಿರುಗಿಸಿದಳು.